ವಸ್ತಿ ಗಾಡಿಯ ಡ್ರೈವರನಿಗೆ ಸಕ್ಕರೆ ಬಂದ ವೃತ್ತಾಂತ

ಮೊದಲು ಬಂದದ್ದು ಬಾಯಾರಿಕೆ.

ಬಾಯಾರಿಕೆ ನಮ್ಮ ಕಡೆ ಸುದ್ದಿಯಲ್ಲ. ಅಫಜಲಪುರದ ಬಿಸಿಲಿನಲ್ಲಿ ಬಸ್ಸಿನ ಎಂಜಿನ್ ಪಕ್ಕ ಕೂತವನಿಗೆ ಬಾಯಾರದಿದ್ದರೆ ಅದನ್ನೇ ರೋಗವೆಂದು ಬಗೆಯಬೇಕು. ಆದ್ದರಿಂದ ಸೀಟಿನ ಹಿಂದೆ ಇಡುತ್ತಿದ್ದ ಒಂದು ನೀರಿನ ಕ್ಯಾನನ್ನು ಎರಡು ಮಾಡಿಕೊಂಡು, ವಿಷಯವನ್ನು ಅಲ್ಲಿಗೆ ಮುಕ್ತಾಯಗೊಳಿಸಿದೆ. ಬೇಸಿಗೆ ಹೋಯಿತು. ಮಳೆ ಬಂದಂತೆ ಮಾಡಿ ಹೋಯಿತು. ಹೊಲದಲ್ಲಿ ಜೋಳ ತೆನೆ ಬಿಟ್ಟಿತು. ಬೆಳಗಿನ ಚಳಿಗೆ ಪ್ರಯಾಣಿಕರು ಕಿಟಕಿ ಎಳೆದುಕೊಂಡು ಕೂತರು. ನನ್ನ ನಾಲಿಗೆ ಮಾತ್ರ ವೈಶಾಖದಲ್ಲೇ ಉಳಿಯಿತು.

ಕುಡಿದದ್ದು ಹೊರಗೂ ಹೋಗಬೇಕಲ್ಲ. ನನ್ನದು ವಸ್ತಿ ಗಾಡಿ. ಸಂಜೆ ಅಫಜಲಪುರ ಬಿಟ್ಟು, ಜೇವರ್ಗಿ ಮುಟ್ಟಿ, ಇಜೇರಿಗೆ ಹೋಗಿ ಅಲ್ಲೇ ರಾತ್ರಿ ನಿಲ್ಲುವುದು. ಬೆಳಿಗ್ಗೆ ಅದೇ ಮೊದಲ ಟ್ರಿಪ್ಪಾಗಿ ವಾಪಸು ಬರುವುದು. ಈ ದಾರಿಯಲ್ಲಿ ಸರ್ಕಾರ ನಿಗದಿಪಡಿಸಿದ ನಿಲುಗಡೆಗಳ ಜೊತೆಗೆ ನಾನೂ ಕೆಲವನ್ನು ಸೇರಿಸತೊಡಗಿದೆ. ಒಂದು ಬೇವಿನ ಮರ, ಒಂದು ಮುರಿದ ಮೋರಿ, ಒಂದು ಕಬ್ಬಿನ ಹೊಲದ ಮೂಲೆ. ನನ್ನ ಕಂಡಕ್ಟರ್ ಮಹಿಬೂಬ ಬಹಳ ವರ್ಷದಿಂದ ನನ್ನ ಬೆನ್ನ ಹಿಂದೆ ಸೀಟಿ ಊದಿಕೊಂಡು ಬಂದವನು. ಕೆಲವು ದಿನ ಸುಮ್ಮನಿದ್ದು ನೋಡಿದ. ಒಂದು ದಿನ ನಾನು ಮರಳಿ ಸೀಟು ಹತ್ತುವಾಗ ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದ:

"ಡ್ರೈವರ್ ಸಾಬ, ರೋಡಿನ ಗಿಡಕ್ಕೆಲ್ಲ ನೀರ್ ಹಾಕೋ ಗುತ್ತಿಗಿ ಹಿಡದೀರೇನ್ರಿ?"

ಬಸ್ಸು ನಕ್ಕಿತು. ನಾನೂ ನಕ್ಕೆ. ಅದೇ ಕೊನೆ ಇರಬೇಕು, ಈ ವಿಷಯದಲ್ಲಿ ಮನಸಾರೆ ನಕ್ಕದ್ದು.

ಆಮೇಲೆ ಮೈ ಇಳಿಯಿತು. ಇಳಿಯಲು ಹೆಚ್ಚೇನೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನನ್ನ ಹಿರಿಯರು ನನಗೆ ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಒಂದಿಷ್ಟು ತೊಗರಿ ಹೊಲ ಬಿಟ್ಟುಹೋದರೇ ಹೊರತು ಹೊಟ್ಟೆ ಎಂಬ ಆಸ್ತಿಯನ್ನು ಬಿಟ್ಟುಹೋಗಲಿಲ್ಲ. ಹೊಲ ಅಣ್ಣ ನೋಡಿಕೊಳ್ಳುತ್ತಾನೆ. ಇದ್ದಷ್ಟು ಹೊಟ್ಟೆಯನ್ನು ನಾನೇ ಖಾಕಿ ಪ್ಯಾಂಟಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೆ. ಬೆಲ್ಟಿನ ತೂತು ಮುಗಿದವು. ಮೊಳೆ ಕಾಯಿಸಿ ಹೊಸವು ಹಾಕಿದೆ. ಅವೂ ಮುಗಿದವು. ಊರಿಗೆ ಹೋದಾಗ ಅಣ್ಣ ಮೇಲಿಂದ ಕೆಳಗೆ ನೋಡಿ, ಡ್ರೈವರಿಕೆ ಮಾಡುವವರಿಗೆಲ್ಲ ಬೊಜ್ಜು ಬರುತ್ತದೆ, ನೀನು ಚೆನ್ನಾಗಿ ಇಟ್ಟುಕೊಂಡಿದ್ದೀಯ ಎಂದು ಹೊಗಳಿದ.

ಡಿಪೋದ ವಾರ್ಷಿಕ ತಪಾಸಣೆಯಲ್ಲಿ ಸಿಕ್ಕಿಬಿದ್ದೆ. ಕಣ್ಣು ಪರೀಕ್ಷೆಗೆ ಹೋದವನ ಬೆರಳು ಚುಚ್ಚಿದರು. ಯಂತ್ರದಲ್ಲಿ ಬಂದ ಅಂಕಿ ನೋಡಿ ಅಲ್ಲಿದ್ದ ನರ್ಸ್ ಹುಡುಗಿ ಇನ್ನೊಂದು ಬೆರಳು ಚುಚ್ಚಿದಳು. ಎರಡನೆಯ ಬೆರಳೂ ಮೊದಲನೆಯದರ ಹೇಳಿಕೆಯನ್ನೇ ಎತ್ತಿಹಿಡಿಯಿತು.

ಅಫಜಲಪುರದ ನಮ್ಮ ಡಾಕ್ಟರು ಒಳ್ಳೆಯ ಮನುಷ್ಯ. ಕೂಡಿಸಿ ಸಮಾಧಾನ ಹೇಳಿದರು. ನಲವತ್ತು ದಾಟಿದವರಿಗೆ ಇದು ಬರುವುದೇ, ಟೈಪ್ ಟೂ, ಗುಳಿಗೆ ತಗೊಳ್ಳಿ, ನಡೆಯಿರಿ, ತೂಕ ಇಳಿಸಿ ಎಂದರು. ತೂಕದ ಮಾತು ಬಂದಾಗ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿ, ಆ ಸಲಹೆಯನ್ನು ಸದ್ಯಕ್ಕೆ ಹಿಂತೆಗೆದುಕೊಂಡರು. ಕೊನೆಗೆ, ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ ಎಂದರು. ನಮ್ಮ ಕಡೆಯ ಮನುಷ್ಯನಿಗೆ ರೊಟ್ಟಿ ತಿನ್ನು ಎನ್ನುವುದು ಮೀನಿಗೆ ಈಜು ಎಂದ ಹಾಗೆ. ನಾನು ಹುಟ್ಟಿದಾಗಿನಿಂದ ಆ ಔಷಧವನ್ನೇ ಸೇವಿಸುತ್ತ ಬಂದು ಈ ಸ್ಥಿತಿಗೆ ತಲುಪಿದ್ದೆ.

ಗುಳಿಗೆ ಕೆಲಸ ಮಾಡಿತು. ಒಂದು ವರ್ಷ. ಆಮೇಲೆ ಮಾಡಲಿಲ್ಲ. ಒಂದು ಗುಳಿಗೆ ಎರಡಾಯಿತು, ಎರಡು ಮೂರಾಯಿತು, ಬಣ್ಣ ಬದಲಾಯಿತು. ಸಕ್ಕರೆ ಮಾತ್ರ ಏರುತ್ತಲೇ ಹೋಯಿತು. ಮೂರು ತಿಂಗಳ ಹಣೆಬರಹವನ್ನು ಒಂದೇ ಹನಿ ರಕ್ತದಲ್ಲಿ ಓದಿ ಹೇಳುವ ಪರೀಕ್ಷೆಯೊಂದಿದೆ, ಎಚ್‌ಬಿಎಒನ್‌ಸಿ. ಅದರ ಕಾಗದ ಹಿಡಿದು ಡಾಕ್ಟರು ಪ್ರತಿ ಸಲ ಸ್ವಲ್ಪ ಹೆಚ್ಚು ಬೇಸರದಿಂದ ನನ್ನನ್ನು ನೋಡತೊಡಗಿದರು.

"ಖರೇ ಹೇಳ್ರಿ ಶರಣಪ್ಪ. ದಾರಿಗುಂಟ ಕಬ್ಬಿನ ಹೊಲ ಅವ. ಮಂದಿ ಕೊಡ್ತಾರ, ನೀವು ತಿಂತೀರಿ."

"ಮುಟ್ಟಿಲ್ರಿ ಸಾಹೇಬ್ರ."

"ಮನಷ್ಯಾ ಸುಳ್ಳು ಹೇಳ್ಬಹುದು, ರಿಪೋರ್ಟ್ ಹೇಳಂಗಿಲ್ಲ."

ಅವರನ್ನು ದೂರುವುದಿಲ್ಲ. ಅವರ ಮುಂದೆ ದಿನವೂ ಕೂರುವ ನೂರು ಜನರಲ್ಲಿ ನಿಜವಾಗಿಯೂ ಕಬ್ಬು ತಿಂದವರು ಹೆಚ್ಚು. ಆದರೆ ಮಾಡದ ತಪ್ಪಿಗೆ ಮನುಷ್ಯ ಎಷ್ಟು ದಿನ ನಿಷ್ಠೆಯಿಂದ ಇಲ್ಲವೆನ್ನಬಲ್ಲ? ಮನೆಯಲ್ಲೂ ವಿಚಾರಣೆ ನಡೆಯಿತು. ನನ್ನ ಹೆಂಡತಿ ಮಹಾದೇವಿ ಖಾಕಿ ಅಂಗಿ ಒಗೆಯುವ ಮೊದಲು ಜೇಬು ಮೂಸಿ ನೋಡುತ್ತಿದ್ದಳು. ಮಹಿಬೂಬ ಜಿಲೇಬಿ ತಿನ್ನಿಸುತ್ತಾನೆಂದು ಅವಳ ಅನುಮಾನ. ಒಮ್ಮೆ ಅವನನ್ನೇ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದಳಂತೆ. ಅವನು ಮಸೀದಿಯ ಕಡೆ ಕೈ ಮಾಡಿ ಆಣೆ ಇಟ್ಟ ಮೇಲೂ ಪೂರ್ತಿ ನಂಬಲಿಲ್ಲ. ನಾನು ತಿನ್ನುವುದನ್ನು ಕಡಿಮೆ ಮಾಡಿದೆ. ಮೂರು ರೊಟ್ಟಿ ಎರಡಾಯಿತು, ಎರಡು ಒಂದಾಯಿತು. ಮೈ ಇನ್ನಷ್ಟು ಇಳಿಯಿತು. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ಹೆಡ್‌ಲೈಟಿನ ಸುತ್ತ ಮಂಜಿನ ಬಳೆ ಕಾಣುತ್ತಿತ್ತು. ಒಂದು ಹಂತದಲ್ಲಿ ನನಗೇ ಅನುಮಾನ ಬಂತು, ನಿದ್ದೆಯಲ್ಲಿ ಎದ್ದು ಹೋಗಿ ಕಬ್ಬು ತಿನ್ನುತ್ತಿರಬಹುದೇ ಎಂದು.

ಕೊನೆಗೆ ಡಾಕ್ಟರೇ ಸೋತು ಕಲಬುರಗಿಗೆ ಕಳಿಸಿದರು. ಅಲ್ಲಿಯ ಡಾಕ್ಟರ್ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಕಡಿಮೆ. ನನ್ನ ಮೂರು ವರ್ಷದ ಕಾಗದಗಳನ್ನು ಪಕ್ಕಕ್ಕೆ ಸರಿಸಿ ನನ್ನ ಬೆಲ್ಟನ್ನೇ ನೋಡುತ್ತ ಕೂತರು.

"ಇಷ್ಟು ತೂತು ಯಾವಾಗಿಂದ ಹಾಕಾಕತ್ತೀರಿ?"

ಹೇಳಿದೆ.

"ಮನ್ಯಾಗ ಯಾರಿಗರೆ ಥೈರಾಯ್ಡ್ ಇತ್ತೇನ್ರಿ?"

ನಮ್ಮವ್ವನಿಗಿತ್ತು. ಕುತ್ತಿಗೆಯ ಗಡ್ಡೆಗೆ ಅವಳು ಬಹಳ ದಿನ ಗುಳಿಗೆ ನುಂಗಿದ್ದಳು. ಅದಕ್ಕೂ ಸಕ್ಕರೆಗೂ ಏನು ಸಂಬಂಧವೆಂದು ತಿಳಿಯಲಿಲ್ಲ. ಮೇಡಂ ಎರಡು ಪರೀಕ್ಷೆ ಬರೆದರು, ಜಿಎಡಿ ಆಂಟಿಬಾಡಿ, ಸಿ‑ಪೆಪ್ಟೈಡ್. ರಕ್ತ ದೂರದ ಊರಿಗೆ ಹೋಯಿತು. ನಾನು ಇಜೇರಿಗೆ ಹೋದೆ. ನನ್ನ ರಕ್ತ ನನಗಿಂತ ಹೆಚ್ಚು ಊರು ನೋಡಿ ಬಂತು.

ಫಲಿತಾಂಶ ಬಂದ ದಿನ ಮಹಾದೇವಿಯೂ ಜೊತೆಗಿದ್ದಳು. ಮೇಡಂ ಕಾಗದವನ್ನು ನಮ್ಮ ಕಡೆ ತಿರುಗಿಸಿ ಇಟ್ಟರು, ಓದಿ ತಿಳಿಯುವವರ ಹಾಗೆ ನಾವಿಬ್ಬರೂ ಬಗ್ಗಿ ನೋಡಿದೆವು.

"ನಿಮ್ಮ ಮೈಯೇ ನಿಮ್ಮ ಇನ್ಸುಲಿನ್ ಮಾಡೋ ಜೀವಕಣಗಳನ್ನ ಕೊಲ್ಲಾಕತ್ತದ."

ಇದಕ್ಕೆ ಲಾಡಾ ಎಂದು ಹೆಸರಂತೆ. ಚಿಕ್ಕ ಮಕ್ಕಳಿಗೆ ಒಮ್ಮೆಲೇ ಬರುವ ಟೈಪ್ ಒನ್, ದೊಡ್ಡವರಲ್ಲಿ ಸಾವಕಾಶ ಬರುವ ಬಗೆ. ಮೈಯ ಕಾವಲಿಗಿರುವ ಪಡೆ ಹೊರಗಿನ ಶತ್ರುವೆಂದು ತಪ್ಪು ತಿಳಿದು ತನ್ನವರನ್ನೇ ಹೊಡೆಯುತ್ತದೆ. ಮಕ್ಕಳಲ್ಲಿ ವಾರಗಳಲ್ಲಿ ಮುಗಿಸುವ ಕೆಲಸವನ್ನು ನನ್ನಂಥವರಲ್ಲಿ ವರ್ಷಗಟ್ಟಲೆ ಎಳೆಯುತ್ತದೆ. ಸರ್ಕಾರಿ ನೌಕರನ ಮೈ, ಕೆಲಸವೂ ಅದೇ ವೇಗದಲ್ಲಿ. ನಡುವೆ ಗುಳಿಗೆ ಸ್ವಲ್ಪ ದಿನ ಕೆಲಸ ಮಾಡಿದ್ದು, ಸಾಯದೆ ಉಳಿದ ಕಣಗಳು ಇನ್ನೂ ದುಡಿಯುತ್ತಿದ್ದುದರಿಂದ. ಈಗ ಉಳಿದವರೇ ಕಡಿಮೆ. ಥೈರಾಯ್ಡ್ ಇದ್ದ ಮನೆಗಳಲ್ಲಿ ಈ ತಪ್ಪು ಹೆಚ್ಚಂತೆ, ಅವ್ವನ ವಿಷಯ ಬಂದದ್ದು ಅದಕ್ಕೆ. ನಾನು ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಯಾರು ಏನೇ ಹೇಳಿದ್ದರೂ ಬಿಡಿ ಎಂದರು ಮೇಡಂ.

"ಈ ಹೊಡದಾಟ ಯಾವಾಗ ನಿಲ್ತದ್ರಿ?" ಎಂದು ಕೇಳಿದೆ.

"ನಿಲ್ಲಂಗಿಲ್ರಿ. ಮುಗೀತದ."

ಮರಳುವ ಬಸ್ಸಿನಲ್ಲಿ ಮಹಾದೇವಿ ಕಿಟಕಿಯ ಪಕ್ಕ ಕೂತಳು. ನಾನು ಬಹಳ ವರ್ಷದ ಮೇಲೆ ಪ್ರಯಾಣಿಕನಾಗಿ ಕೂತಿದ್ದೆ, ಮುಂದಿದ್ದ ಡ್ರೈವರ್ ಗೇರು ಬದಲಿಸುವುದು ತಡವೆನಿಸುತ್ತಿತ್ತು. ಊರು ಹತ್ತಿರ ಬಂದಾಗ ಅವಳು ತಿರುಗಿ, "ಹಂಗಾದ್ರ ನೀವು ಖರೇನೇ ತಿಂದಿದ್ದಿಲ್ಲ," ಎಂದಳು.

ಮೂರು ವರ್ಷದ ಮೊಕದ್ದಮೆಯಲ್ಲಿ ನಾನು ನಿರ್ದೋಷಿ ಎಂದು ತೀರ್ಪಾಯಿತು. ಶಿಕ್ಷೆ ಮಾತ್ರ ಜೀವಾವಧಿ.

ಸೂಜಿ ಶುರುವಾಯಿತು. ಮೊದಲು ರಾತ್ರಿ ಒಂದು, ಆಮೇಲೆ ಪ್ರತಿ ಊಟಕ್ಕೂ ಒಂದು. ಇನ್ಸುಲಿನ್ ಬಹಳ ಸೂಕ್ಷ್ಮ ಸ್ವಭಾವದ್ದು, ನಮ್ಮ ಊರಿನ ಬಿಸಿಲು ತಾಳುವುದಿಲ್ಲ. ಮನೆಯಲ್ಲಿ ಫ್ರಿಜ್ಜಿನೊಳಗೆ ಹಾಲಿನ ಪಕ್ಕದಲ್ಲಿ ರಾಜಮರ್ಯಾದೆ. ಬಸ್ಸಿನಲ್ಲಿ ಸಣ್ಣ ಮಣ್ಣಿನ ಗಡಿಗೆಯೊಳಗೆ ಒದ್ದೆ ಬಟ್ಟೆ ಸುತ್ತಿ ಡ್ರೈವರ್ ಸೀಟಿನ ಕೆಳಗೆ. ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಳ್ಳಬೇಕು. ಹಿಡಿಯಲು ಚರ್ಮವೇ ಇಲ್ಲದವನಿಗೆ ಅದೂ ಒಂದು ವ್ಯಾಯಾಮ. ಆದರೂ ಹೇಳಬೇಕಾದದ್ದು ಹೇಳುತ್ತೇನೆ: ಎರಡು ವಾರದಲ್ಲಿ ಕಾಲಿಗೆ ಶಕ್ತಿ ಬಂತು, ಹೆಡ್‌ಲೈಟಿನ ಸುತ್ತಲಿನ ಬಳೆ ಮಾಯವಾಯಿತು. ನೀರಿನ ಕ್ಯಾನು ಮತ್ತೆ ಒಂದೇ ಆಯಿತು.

ನನಗಿದ್ದ ಪ್ರಶ್ನೆ ಒಂದೇ. ಸ್ಟೇರಿಂಗು.

ಇನ್ಸುಲಿನ್ ಹೆಚ್ಚಾಗಿ ಅನ್ನ ಕಡಿಮೆಯಾದರೆ ಸಕ್ಕರೆ ಒಮ್ಮೆಲೇ ಬೀಳುತ್ತದೆ, ಮನುಷ್ಯ ಕೂತಲ್ಲೇ ಇಲ್ಲವಾಗುತ್ತಾನೆ. ಮನೆಯಲ್ಲಿ ಬಿದ್ದರೆ ಒಬ್ಬ, ಬಸ್ಸಿನಲ್ಲಿ ಬಿದ್ದರೆ ಎಲ್ಲರೂ ಎಂದರು ಮೇಡಂ. ಕೆಲವು ದಿನ ರಜೆ ಹಾಕಿಸಿ, ಮೀಟರಿನ ಅಂಕಿಗಳನ್ನು ನೋಡಿ, ಷರತ್ತಿನ ಮೇಲೆ ಒಪ್ಪಿದರು. ಸೀಟು ಹತ್ತುವ ಮುಂಚೆ ಬೆರಳು ಚುಚ್ಚಿ ನೋಡಬೇಕು. ಸೂಜಿ ತಗೊಂಡ ಮೇಲೆ ಊಟ ತಪ್ಪಬಾರದು. ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಬೇಕು. ಕಂಡಕ್ಟರಿಗೆ ಗೊತ್ತಿರಬೇಕು, ಡಿಪೋಗೆ ತಿಳಿಸಬೇಕು. ಎಲ್ಲವನ್ನೂ ಮಾಡಿದೆ. ಡಿಪೋ ಮ್ಯಾನೇಜರು ಕಾಗದ ತಗೊಂಡು ವೈದ್ಯಕೀಯ ಮಂಡಳಿಗೆ ಕಳಿಸಿದರು, ಅಲ್ಲಿಂದ ಉತ್ತರ ಬರುವ ತನಕ ಹುಷಾರು ಎಂದರು. ಬೇರೆ ಕೆಲಸ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಬೇರೆ ಕೆಲಸ ನನಗೆ ಬರುವುದಿಲ್ಲ. ಬಿ.ಎ. ಮುಗಿಸಿ ಮೇಜಿನ ಹಿಂದೆ ಕೂರಲಾರೆನೆಂದು ಈ ಕೆಲಸ ಹಿಡಿದವನು ನಾನು. ಎದುರಿಗೆ ರಸ್ತೆ ಇಲ್ಲದೆ ಕೂರುವುದೆಂದರೆ ನನಗೆ ಗೋಡೆಗೆ ಮುಖ ಮಾಡಿ ಕೂತ ಹಾಗೆ.

ಈಗ ಇಜೇರಿಯ ಪದ್ಧತಿ ಹೇಳಬೇಕು. ವಸ್ತಿ ಗಾಡಿಯ ಡ್ರೈವರ್, ಕಂಡಕ್ಟರರಿಗೆ ಆ ಊರಲ್ಲಿ ಮನೆಪಾಳಿಯ ಮೇಲೆ ಊಟ ಬರುತ್ತದೆ. ಇವತ್ತು ಈ ಮನೆ, ನಾಳೆ ಆ ಮನೆ. ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೆಳಿಗ್ಗೆ ಹೊರಡುವ ಮುಂಚೆ ಒಗ್ಗರಣೆ ಹಾಕಿದ ಮಂಡಕ್ಕಿಯ ಬಿಸಿ ಸುಸಲಾ, ಚಹಾ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಯಾರೂ ನಿಲ್ಲಿಸಲಿಲ್ಲ. ಬಸ್ಸು ಊರಿಗೆ ಬರುತ್ತದಲ್ಲ, ಅದಕ್ಕೆ. ಹಬ್ಬವಿದ್ದ ಮನೆಯ ಪಾಳಿ ಬಂದರೆ ಹೋಳಿಗೆಯೂ ಬರುತ್ತಿತ್ತು.

ಮಹಿಬೂಬ ನನ್ನ ವಿಷಯ ಊರಿಗೆ ತಿಳಿಸಿದ, ನನ್ನ ಒಳ್ಳೆಯದಕ್ಕೇ. ಊರು ಸಭೆ ಕೂಡಲಿಲ್ಲ ಅಷ್ಟೆ, ಉಳಿದದ್ದೆಲ್ಲ ಮಾಡಿತು. ಪ್ರತಿ ಮನೆಯಲ್ಲೂ ಒಬ್ಬ ಅತ್ತೆಗೋ ಮಾವನಿಗೋ ಸಕ್ಕರೆ ಇತ್ತು, ಪ್ರತಿ ಮನೆಗೂ ಒಂದು ಮದ್ದು ಗೊತ್ತಿತ್ತು. ಮಹಿಬೂಬನ ತಾಟಿಗೆ ಹೋಳಿಗೆ ಬಂದರೆ ನನ್ನ ತಾಟಿಗೆ ಬೇವಿನ ಚಿಗುರು ಬಂತು. ರೊಟ್ಟಿ ಒಂದಕ್ಕಿಳಿಯಿತು. ಸಕ್ಕರೆ ಬ್ಯಾನಿಯವರು ಕಮ್ಮಿ ಉಣ್ಣಬೇಕು ಎಂಬುದು ಊರಿಗೇ ಗೊತ್ತಿದ್ದ ವಿಷಯ. ಸೂಜಿ ತಗೊಂಡವನು ಅಷ್ಟಕ್ಕೆ ತಕ್ಕಂತೆ ಉಣ್ಣಲೇಬೇಕು ಎಂದು ನಾನು ವಿವರಿಸಿದೆ. ಎಲ್ಲರೂ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ ರೊಟ್ಟಿಯನ್ನು ಅರ್ಧ ಮಾಡಿ ಕೊಟ್ಟರು. ರಾತ್ರಿ ನಾನು ಕಡಿಮೆ ಸೂಜಿ ತಗೊಂಡು ಹೇಗೋ ಸಂಭಾಳಿಸುತ್ತಿದ್ದೆ.

ಆ ದಿನ ನಾಗಮ್ಮಾಯಿಯ ಪಾಳಿ. ಆಕೆ ಊರಿನ ಅಂಚಿನ ಮನೆಯ ಮುದುಕಿ. ಗಂಡ ಸಕ್ಕರೆಯಿಂದಲೇ ಕಾಲು ಕಳೆದುಕೊಂಡು ಹೋದವನು. ನಾನೆಂದರೆ ಆಕೆಗೆ ಜೀವ. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಬೆರಳು ಚುಚ್ಚಿ ನೋಡಿದೆ, ಅಂಕಿ ಸರಿ ಇತ್ತು. ಆಯಿ ತಾಟು ಹಿಡಿದು ಬರುವುದು ದೂರದಿಂದ ಕಂಡಿತು. ಸುಸಲಾ ಎಂದುಕೊಂಡು, ಅದರ ಲೆಕ್ಕಕ್ಕೆ ಸೂಜಿ ತಗೊಂಡೆ.

ತಾಟಿನಲ್ಲಿ ಸುಸಲಾ ಇತ್ತು. ಅದು ಮಹಿಬೂಬನಿಗೆ.

ನನಗೆ ತಂಬಿಗೆ ತುಂಬ ಹಾಗಲಕಾಯಿ ರಸ, ಒಂದು ಹಿಡಿ ಮೊಳಕೆ ಬರಿಸಿದ ಮೆಂತ್ಯ. ರಾತ್ರಿಯೇ ಅರೆದು ಇಟ್ಟಿದ್ದಳಂತೆ. ನನ್ನ ಗಂಡನಿಗೆ ಕುಡಿಸಬೇಕೆಂದು ಆಗ ಗೊತ್ತಿರಲಿಲ್ಲ, ನಿನಗಾದರೂ ಕುಡಿಸುತ್ತೇನೆ ಎಂದಳು. ಬೇಡವೆಂದೆ. ಸುಸಲಾ ಕೊಡು ಎಂದೆ. ಆಕೆಯ ಮುಖ ನೋಡಿದೆ. ಹಿರಿಯರು ಕೊಟ್ಟದ್ದನ್ನು ಮರಳಿಸಬಾರದೆಂದು ಕಲಿತು ಬೆಳೆದ ತಲೆ ನನ್ನದು. ಕುಡಿದೆ. ಪ್ರಯಾಣಿಕರು ಹತ್ತಿ ಕೂತಿದ್ದರು, ಹೊರಡುವ ಹೊತ್ತಾಗಿತ್ತು. ಮಹಿಬೂಬ ತನ್ನ ತಾಟು ಮುಂದೆ ಚಾಚಿದ. ಜೇವರ್ಗಿಯಲ್ಲಿ ತಿನ್ನುತ್ತೇನೆ ಬಿಡು ಎಂದು ಗೇರು ಹಾಕಿದೆ.

ಮುಂದಿನದು ನನಗೆ ಅಲ್ಲೊಂದು ಇಲ್ಲೊಂದು ನೆನಪಿದೆ. ಚಳಿಯಲ್ಲಿ ಕುತ್ತಿಗೆ ಬೆವರಿತು. ರಸ್ತೆ ಬಹಳ ಚಂದ ಕಂಡಿತು. ಹೊಲದ ಜೋಳದ ತೆನೆ ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಯಾವ ಚಿಂತೆಯೂ ಇರಲಿಲ್ಲ. ಸಂತೋಷವೆನಿಸಿತು. ಅದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಉಳಿದದ್ದು ಮಹಿಬೂಬ ಹೇಳಿದ್ದು. ಮೊದಲ ಹಳ್ಳಿಯಲ್ಲಿ ಅವನು ಸೀಟಿ ಊದಿದ, ನಾನು ನಿಲ್ಲಿಸಲಿಲ್ಲ. ಕೈಮಾಡಿದ ಜನ ಹಿಂದೆ ಉಳಿದರು. ಎರಡನೆಯ ಕಡೆಯೂ ನಿಲ್ಲಿಸಲಿಲ್ಲ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು, ನಾನು ಸರಿಯಾಗಿಯೇ ಸರಿದು ದಾರಿ ಕೊಟ್ಟೆನಂತೆ. ಕೈಗಳು ತಮ್ಮ ಪಾಡಿಗೆ ತಾವು ಡ್ಯೂಟಿ ಮಾಡುತ್ತಿದ್ದವು. ಅವನು ಮುಂದೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಶರಣಪ್ಪಣ್ಣಾ, ಗಾಡಿ ಬಾಜೂಕ ಹಚ್ರಿ," ಎಂದ. ಎರಡನೆಯ ಸಲ ಕಿವಿಯ ಹತ್ತಿರ ಹೇಳಿದ. ನಾನು ಹಚ್ಚಿದೆ, ಹ್ಯಾಂಡ್‌ಬ್ರೇಕು ಎಳೆದೆ. ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟೆ.

ಅವನು ನನ್ನ ಜೇಬಿನಿಂದ ಗ್ಲೂಕೋಸ್ ತೆಗೆದಾಗ ಒಬ್ಬ ಪ್ರಯಾಣಿಕ ಅವನ ಕೈ ಹಿಡಿದುಕೊಂಡ.

"ಸಕ್ಕರಿ ಬ್ಯಾನಿ ಮನಷ್ಯಾಗ ಸಕ್ಕರಿ ತಿನ್ಸಾಕತ್ತೀ. ಕೊಲ್ತೀಯೇನಲೇ?"

"ಕೊಂದ್ರ ನನ್ನ ತಲಿಮ್ಯಾಲ. ಕೈ ಬಿಡ್ರಿ."

ಇನ್ನಿಬ್ಬರು ಎದ್ದು ಬಂದರು, ಅವರದೂ ಅದೇ ಮಾತು. ಊರಿಗೆ ಊರೇ ನನ್ನ ಪಥ್ಯದ ಕಾವಲಿಗೆ ನಿಂತಿತ್ತಲ್ಲ. ಮಹಿಬೂಬ ಅವರನ್ನು ಮೊಣಕೈಯಿಂದ ನೂಕಿ, ನನ್ನ ಗಲ್ಲ ಹಿಡಿದು, ನನಗೆ ಇನ್ನೂ ನುಂಗುವಷ್ಟು ಎಚ್ಚರವಿದೆಯೋ ನೋಡಿ, ಪುಡಿಯನ್ನು ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವೇ ಕುಡಿಸಿದ. ಪ್ರತಿ ಗುಟುಕಿಗೂ ಹಿಂದಿನಿಂದ ಯಾರೋ ಅಯ್ಯಯ್ಯೋ ಎನ್ನುತ್ತಿದ್ದರಂತೆ.

ಕಣ್ಣು ಬಿಟ್ಟಾಗ ಬಾಯಿ ಸಿಹಿಯಾಗಿತ್ತು. ಮೂರು ವರ್ಷದಲ್ಲಿ ಮೊದಲ ಸಲ. ಅಂಗಿ ಪೂರ್ತಿ ಒದ್ದೆ. ಬಸ್ಸಿನಲ್ಲಿ ಮಹಿಬೂಬ ಒಬ್ಬನೇ ಇದ್ದ. ಕಿಟಕಿಯಿಂದ ನೋಡಿದೆ. ಎಲ್ಲರೂ ಕೆಳಗಿಳಿದು, ಗಂಟುಮೂಟೆ ಸಮೇತ, ರಸ್ತೆಯ ಆಚೆ ಬದಿಗೆ ನಿಂತಿದ್ದರು. ದಿನವೂ ನನ್ನ ಜೊತೆ ಮಾತಾಡುವವರು. ಕೈ ಎತ್ತಿದೆ. ಕೆಲವರು ಕೈ ಎತ್ತಿದರು. ಮಹಿಬೂಬ ಬಾಗಿಲಲ್ಲಿ ನಿಂತು, ಡ್ರೈವರ್ ಸಾಬ ಆರಾಮಾಗ್ಯಾರ, ಬರ್ರಿ ಹತ್ರಿ ಎಂದು ಕರೆದ.

ಯಾರೂ ಹತ್ತಲಿಲ್ಲ.

ಅವರು ಸರಿ. ನಾನೂ ಹತ್ತುತ್ತಿರಲಿಲ್ಲ. ಚಾವಿ ತೆಗೆದು ಮಹಿಬೂಬನ ಕೈಗೆ ಕೊಟ್ಟೆ, ಡಿಪೋಗೆ ಫೋನು ಮಾಡಿಸಿದೆ. ಬೇರೆ ಡ್ರೈವರ್ ಬರುವ ತನಕ ಕಂಡಕ್ಟರನ ಸೀಟಿನಲ್ಲಿ ಕೂತು ಮಹಿಬೂಬನ ತಣ್ಣಗಾದ ಸುಸಲಾ ತಿಂದೆ.

ನನ್ನನ್ನು ಅಫಜಲಪುರ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿಗೆ ಹಾಕಿದರು. ಮೈಕಿನಲ್ಲಿ ಯಾವ ಗಾಡಿ ಎಲ್ಲಿಗೆ ಎಂದು ಕೂಗುವ ಕೆಲಸ. ಗಂಟಲು ಗಟ್ಟಿ, ಉಚ್ಚಾರ ಸ್ಪಷ್ಟ, ಆಳಂದದ ಗಾಡಿಯನ್ನೂ ಕಾಶಿಗೆ ಹೊರಟಂತೆ ಘೋಷಿಸುತ್ತೇನೆಂದು ಮ್ಯಾನೇಜರು ಮೆಚ್ಚಿದರು. ಆರು ತಿಂಗಳು ಇಲ್ಲಿರಿ, ಆಮೇಲೆ ನೋಡೋಣ ಎಂದರು. ಆ ಆರು ತಿಂಗಳನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಕೇಳಿದವರಿಗೆಲ್ಲ ಅದನ್ನೇ ಹೇಳಿದೆ. ಮಹಾದೇವಿಗೆ, ಕಿಣ್ಣಿ ಸುಲ್ತಾನದ ಅಣ್ಣನಿಗೆ, ಚಹಾದ ಅಂಗಡಿಯವನಿಗೆ, ಆರು ತಿಂಗಳು ಎಂದೆ. ಖಾಕಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟೆ. ಮೀಟರಿನ ಅಂಕಿ ಸಾಲಾಗಿ ಚೆನ್ನಾಗಿ ಬಂದ ದಿನ ಪರೀಕ್ಷೆ ಪಾಸಾದ ಹುಡುಗನ ಹಾಗೆ ಮನೆಗೆ ಹೋಗುತ್ತಿದ್ದೆ.

ಮೊನ್ನೆ ಕಲಬುರಗಿಗೆ ಹೋಗಿ ಬಂದೆ. ಸಿ‑ಪೆಪ್ಟೈಡ್ ಮತ್ತೆ ಮಾಡಿಸಿದ್ದರು. ಮೈ ತಾನೇ ಇನ್ನೂ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ಹೇಳುವ ಪರೀಕ್ಷೆ ಅದು. ಹೆಚ್ಚುಕಡಿಮೆ ಏನೂ ಇಲ್ಲ. ಇನ್ನು ಮುಂದೆ ಸಕ್ಕರೆ ಏರುವುದೂ ಬೀಳುವುದೂ ಹೆಚ್ಚು, ಬೀಳುವ ಮುನ್ಸೂಚನೆ ಕಾಲಕ್ರಮದಲ್ಲಿ ಕಡಿಮೆಯಾಗಲೂಬಹುದು, ಆದರೆ ನೀವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೀರಿ, ಬಹಳ ವರ್ಷ ಬದುಕಬಹುದು ಎಂದರು ಮೇಡಂ. ಬಸ್ಸಿನ ಮಾತು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ನೀವೇ ಹೇಳ್ರಿ, ನಿಮ್ಮ ಮನಿಯವ್ರನ್ನ ಆ ಬಸ್ಸಿನ್ಯಾಗ ಕೂಡಿಸ್ತೀರೇನು?"

ಇದನ್ನು ಮನೆಯಲ್ಲಿ ಹೇಳಲಿಲ್ಲ. ಆರು ತಿಂಗಳಿಗೆ ಇನ್ನೂ ಸ್ವಲ್ಪ ಬಾಕಿ ಇತ್ತು.

ನಾಗಮ್ಮಾಯಿಯ ಸುದ್ದಿಯನ್ನು ಮಹಿಬೂಬ ಆಗಾಗ ತರುತ್ತಿದ್ದ. ಆಕೆ ಆ ದಿನದಿಂದ ಪಾಳಿ ಹಾಕುವುದನ್ನು ಬಿಟ್ಟಿದ್ದಳು. ನನ್ನ ಕೈ ಊಟ ಬೇಡ, ಒಬ್ಬನ ಅನ್ನ ಕಳೆದ ಕೈ ಇದು ಎನ್ನುತ್ತಿದ್ದಳಂತೆ. ನಿನ್ನೆ ಆಕೆಯೇ ಬಂದಳು. ಮಗಳ ಮನೆಗೆ ಬಂದವಳು ಮರಳುವಾಗ ಕಂಟ್ರೋಲ್ ರೂಮಿನ ಕಿಟಕಿಗೆ ಬಂದು, ಸರಳು ಹಿಡಿದು ನಿಂತಳು. ನಾನು ಎರಡು ಗಾಡಿ ಕೂಗಿದೆ.

"ಆರ ತಿಂಗಳಿಗ ಬರ್ತಾನಂತ ಮಹಿಬೂಬ ಅಂತಾನ. ಖರೇನಾ ಯಪ್ಪಾ?"

ಹೌದೆನ್ನುವುದು ಸುಲಭವಿತ್ತು. ಎಲ್ಲರಿಗೂ ಅಂದದ್ದೇ. ಆದರೆ ಆರು ತಿಂಗಳು ಕಳೆದು ನಾನು ಬಾರದಿದ್ದರೆ, ಆಕೆ ತಂಬಿಗೆ ನೋಡಿದಾಗಲೆಲ್ಲ ಏನೆಂದುಕೊಳ್ಳುತ್ತಾಳೆ? ಮೈಕಿನ ಗುಂಡಿ ಆರಿಸಿದೆ.

"ಬರಂಗಿಲ್ಲ ಆಯಿ. ಆರು ತಿಂಗಳಿಗೂ ಇಲ್ಲ, ಮುಂದೂ ಇಲ್ಲ."

"ನನ್ನ ಹಾಗಲಕಾಯಿಂದ."

"ಅಲ್ಲ. ಹಾಗಲಕಾಯಿ ಮ್ಯಾಲ ಆ ಒಂದು ಮುಂಜಾನಿ ಹಾಕು ಬೇಕಾದ್ರ, ಅದ್ರಾಗೂ ಅರ್ಧ ನಂದು. ಸುಸಲಾ ಬಿಟ್ಟು ಗಾಡಿ ಹೊಡದಾಂವ ನಾನು. ಉಳಿದದ್ದು ನನ್ನ ಮೈ ತಾನ ಮಾಡ್ಕೊಂಡದ್ದು. ಒಳಗ ಇದ್ದದ್ದು ಮುಗದದ. ನೀ ಹೋಳಿಗಿ ಹಾಕಿದ್ರೂ ಮುಗೀತಿತ್ತು, ಬೇವು ಹಾಕಿದ್ರೂ ಮುಗೀತಿತ್ತು."

"ಮತ್ತ ಯಾರ ತಪ್ಪು?"

"ಯಾರದೂ ಅಲ್ಲ."

ಈ ಉತ್ತರ ಆಕೆಗೆ ಹಿಡಿಸಲಿಲ್ಲ. ನನಗೂ ಹಿಡಿಸಿಲ್ಲ. ಯಾರಾದರೂ ಒಬ್ಬರು ಸಿಕ್ಕಿದ್ದರೆ ಬಯ್ಯಬಹುದಿತ್ತು. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಮೊದಲಿಗಿಂತ ಮೈ ಹಿಡಿದಿದ್ದೀಯ ಎಂದಳು. ಹೌದು, ಬೆಲ್ಟು ಎರಡು ತೂತು ಹಿಂದಕ್ಕೆ ಬಂದಿದೆ.

"ಆ ದಾಕ್ತರಬಾಯಿ ಖಾತ್ರಿ ಹೇಳ್ಯಾಳ, ನನ್ನ ರಸದಿಂದ ಅಲ್ಲಂತ?"

"ಖಾತ್ರಿ ಹೇಳ್ಯಾಳ."

ಮೇಡಂ ಹಾಗಲಕಾಯಿಯ ಹೆಸರು ಎತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ಆಯಿ ಸರಳಿಗೆ ಇನ್ನಷ್ಟು ಹತ್ತಿರ ಬಂದಳು. ಹೊಸ ಡ್ರೈವರ್ ಹುಡುಗ ಪಾಳಿಯ ಊಟಕ್ಕೆ ನಾಚಿಕೊಂಡು ಅರ್ಧ ಉಪವಾಸ ಮಲಗುತ್ತಾನೆ, ಊರಿನ ಹೆಣ್ಣುಮಕ್ಕಳಿಗೆ ಅವನನ್ನು ಒತ್ತಾಯ ಮಾಡಲು ಬರುವುದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಅವಂಗ ಸಕ್ಕರಿ ಇಲ್ಲಲ್ಲ?"

"ಇಲ್ಲ ಆಯಿ."

"ಹಂಗಾದ್ರ ನಾಳಿಂದ ನನ್ನ ಪಾಳಿ ನಾ ಹಾಕ್ತೇನಿ. ಹೋಳಿಗಿ ಮಾಡ್ತೇನಿ."

ಆ ಹುಡುಗನ ಮೇಲೆ ನನಗೆ ಅಸೂಯೆಯಾಯಿತು. ಮಾಡು ಆಯಿ ಎಂದೆ.

ಇಜೇರಿ ಗಾಡಿ ಬಂದು ನಿಂತಿತು. ಗುಂಡಿ ಒತ್ತಿ, ದಾರಿಯ ಊರುಗಳನ್ನು ಒಂದೊಂದಾಗಿ, ಎಂದಿಗಿಂತ ನಿಧಾನವಾಗಿ ಕೂಗಿದೆ. ಆಯಿ ಹತ್ತಿದಳು. ಮಹಿಬೂಬ ಆಕೆಯ ಗಂಟು ಒಳಗೆ ಎಳೆದುಕೊಂಡು ಸೀಟಿ ಊದಿದ. ಹುಡುಗ ಗೇರು ಹಾಕಿದ, ಸ್ವಲ್ಪ ತಡವಾಗಿ.

ಸಂಜೆಯಾಗಿತ್ತು. ರಾತ್ರಿ ಡ್ಯೂಟಿ ಮುಗಿಸಿ ಮನೆಗೆ ಹೋದ ಮೇಲೆ ಮಹಾದೇವಿಗೂ ಇದೇ ಮಾತು ಹೇಳಬೇಕು, ಒಮ್ಮೆ ಹೇಳಿ ಆಯಿತಲ್ಲ, ಎರಡನೆಯ ಸಲ ಸುಲಭವಾಗಬಹುದು ಎಂದುಕೊಂಡೆ. ಅವಳು ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ರೊಟ್ಟಿ ಇರುವುದನ್ನು ಕಣ್ಣಾರೆ ನೋಡಿದೆ. ಆಮೇಲೆ ಸೂಜಿ ತಗೊಂಡೆ.